ಹುಡುಗರ ದಳಗಳು ಹುಟ್ಟಿದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೌಟ್ ಮಾಸ್ತರರ ತರಬೇತಿಯಲ್ಲಿ ಇತಿಹಾಸದ ಪಾಠಕ್ಕೆ ಸಿಗುವುದು ಮಧ್ಯಾಹ್ನದ ಊಟವಾದ ಮೇಲಿನ ಮುಕ್ಕಾಲು ಗಂಟೆ. ಅರ್ಧ ಜನ ತೂಕಡಿಸುತ್ತಿರುತ್ತಾರೆ. ಅವರೇ ಪಾಠ ಮುಗಿದು ಟೀಗೆ ನಿಂತಾಗ ಒಬ್ಬೊಬ್ಬರಾಗಿ ಹತ್ತಿರ ಬಂದು ಕೇಳತೊಡಗುತ್ತಾರೆ. ಕೆಲವರು ಊರಿಗೆ ಹೋದ ಮೇಲೆ ಕಾಗದ ಬರೆಯುತ್ತಿದ್ದರು, ಈಗ ವಾಟ್ಸಾಪ್ ಮಾಡುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಜಗಳಕ್ಕೆ ಬರುವಂಥವು ಕೊನೆಗೆ.

## ಮೊದಲ ಮೆಟ್ಟಿಲು

ಸರ್, ಹುಡುಗರ ಸಂಘಟನೆ ಅಂದ್ರೆ ಸ್ಕೌಟೇ ಮೊದಲನೇದು ತಾನೆ?

ಅಲ್ಲ. ಸ್ಕೌಟಿನ ಮೊದಲ ಶಿಬಿರಕ್ಕಿಂತ ಇಪ್ಪತ್ತನಾಲ್ಕು ವರ್ಷ ಮುಂಚೆಯೇ ಬಾಯ್ಸ್ ಬ್ರಿಗೇಡ್ ಇತ್ತು. 1883ರ ಅಕ್ಟೋಬರ್ 4ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ನಾರ್ತ್ ವುಡ್‌ಸೈಡ್ ರಸ್ತೆಯ ಒಂದು ಮಿಷನ್ ಹಾಲಿನಲ್ಲಿ ಅದು ಶುರುವಾಯಿತು. ಹುಡುಗರು ತಾವಾಗಿ ಬಂದು ಸೇರಬೇಕು, ಒಂದೇ ಬಗೆಯ ಉಡುಪು ತೊಡಬೇಕು, ವಾರಕ್ಕೊಮ್ಮೆ ಕವಾಯತು, ಬೇಸಿಗೆಯಲ್ಲಿ ಶಿಬಿರ, ಜೊತೆಗೊಂದು ಬ್ಯಾಂಡು. ನಾವು ಸ್ಕೌಟಿನದ್ದು ಎಂದುಕೊಂಡಿರುವ ಬಹಳಷ್ಟು ಸಂಗತಿ ಆಗಲೇ ಅಲ್ಲಿತ್ತು. ಹೆಸರು ಮಾಡಿದ್ದು ಮಾತ್ರ ಸ್ಕೌಟು.

ಬಾಯ್ಸ್ ಬ್ರಿಗೇಡ್ ಶುರು ಮಾಡಿದವರು ಪಾದ್ರಿಯೋ, ಮಿಲಿಟರಿಯವರೋ?

ಎರಡೂ ಅಲ್ಲ, ಬಟ್ಟೆ ವ್ಯಾಪಾರಿ. ವಿಲಿಯಂ ಅಲೆಗ್ಸಾಂಡರ್ ಸ್ಮಿತ್ ಹುಟ್ಟಿದ್ದು 1854ರಲ್ಲಿ, ಸ್ಕಾಟ್ಲೆಂಡಿನ ಉತ್ತರದ ತುದಿಯ ಥರ್ಸೋ ಊರಿನ ಹತ್ತಿರ. ತಂದೆ ಬೇಗ ತೀರಿಕೊಂಡರು. ಹದಿನಾಲ್ಕರ ಹೊತ್ತಿಗೆ ಹುಡುಗ ಗ್ಲಾಸ್ಗೋದಲ್ಲಿದ್ದ ಸೋದರಮಾವನ ಸಗಟು ಬಟ್ಟೆ ವ್ಯಾಪಾರಕ್ಕೆ ಬಂದು ಸೇರಿದ.

ದೊಡ್ಡವರಾದ ಮೇಲೆ ಸ್ಮಿತ್ ಅವರದು ಮೂರು ಬಾಳು. ವಾರವೆಲ್ಲ ವ್ಯಾಪಾರ. ಬಿಡುವಿನಲ್ಲಿ ಲನಾರ್ಕ್‌ಶೈರ್ ರೈಫಲ್ ವಾಲಂಟಿಯರ್ಸ್ ಎಂಬ ಹವ್ಯಾಸಿ ಸೈನಿಕರ ದಳದಲ್ಲಿ ಕವಾಯತು. ಭಾನುವಾರ ಮಿಷನ್ ಹಾಲಿನಲ್ಲಿ ಹುಡುಗರಿಗೆ ಬೈಬಲ್ ಪಾಠ. ಈ ಭಾನುವಾರದ ಪಾಠವೇ ಅವರಿಗೆ ತಲೆನೋವು. ಮೇಷ್ಟ್ರಾದವರಿಗೆಲ್ಲ ಗೊತ್ತು: ಹನ್ನೆರಡು ಹದಿಮೂರರ ಹುಡುಗರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಒಳ್ಳೆಯ ಮಾತು ಹೇಳಹೊರಟರೆ ಹಿಂದಿನ ಸಾಲಿನಿಂದ ಏನಾದರೊಂದು ಹಾರಿ ಬರುತ್ತದೆ. ವಾಲಂಟಿಯರ್ ಮೈದಾನದಲ್ಲಿ ಒಂದು ಕೂಗಿಗೆ ಅಷ್ಟೊಂದು ಜನ ಒಟ್ಟಿಗೆ ತಿರುಗುತ್ತಾರೆ, ಇಲ್ಲಿ ಇಪ್ಪತ್ತು ಹುಡುಗರು ಕೂರುವುದಿಲ್ಲ. ಅದನ್ನು ಇಲ್ಲಿಗೆ ತಂದರೆ ಹೇಗೆ ಎಂಬುದೇ ಸ್ಮಿತ್ ಅವರಿಗೆ ಹೊಳೆದದ್ದು.

ಜೊತೆಗೆ ಜೇಮ್ಸ್ ಹಿಲ್, ಜಾನ್ ಹಿಲ್ ಎಂಬ ಇಬ್ಬರು ಗೆಳೆಯರು. ಮೊದಲ ಸಲ ಬಂದ ಹುಡುಗರು ಅರವತ್ತರ ಹತ್ತಿರ. ಆಟ ಇರುತ್ತದೆಂದು ಬಂದವರಿಗೆ ಅಲ್ಲಿ ಕಂಡದ್ದು ಸಮಯಪಾಲನೆ, ಸಾಲು, ಮೌನ. ಹಲವರು ಮೆಲ್ಲಗೆ ಜಾರಿಕೊಂಡರು. ಹೋದವರನ್ನು ಹಿಂದಕ್ಕೆ ಕರೆಯಲು ಸ್ಮಿತ್ ನಿಯಮ ಸಡಿಲಿಸಲಿಲ್ಲ. ಕಷ್ಟದ ಜಾಗ ಎಂಬ ಹೆಸರೇ ಆಮೇಲೆ ಹೊಸಬರನ್ನು ಎಳೆದು ತಂದಿತು. ಈ ಗುಟ್ಟನ್ನು ಅವರು ತಿಳಿದೇ ಮಾಡಿದರೋ, ಸ್ವಭಾವವೇ ಹಾಗಿತ್ತೋ, ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಅದೇ ಕಾಲಕ್ಕೆ ಯಾಕೆ ಶುರುವಾಯ್ತು? ಅದಕ್ಕೆ ಮೊದಲು ಹುಡುಗರು ಹಾಳಾಗ್ತಿರ್ಲಿಲ್ವಾ?

ಹಾಳಾಗುತ್ತಿದ್ದರೋ ಇಲ್ಲವೋ, ಅವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಂಟಕ್ಕೋ ಒಂಬತ್ತಕ್ಕೋ ಕೆಲಸಕ್ಕೆ ಸೇರುತ್ತಿದ್ದ ಮಗುವಿಗೆ ಹುಡುಗತನ ಎಂಬ ಘಟ್ಟವೇ ಇರಲಿಲ್ಲ. 1872ರ ಸ್ಕಾಟ್ಲೆಂಡಿನ ಶಿಕ್ಷಣ ಕಾಯಿದೆ ಐದರಿಂದ ಹದಿಮೂರರವರೆಗಿನ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿತು. ಅಲ್ಲಿಗೆ ಹದಿಮೂರು ಎಂಬುದು ಒಂದು ಗಡಿಯಾಯಿತು. ಶಾಲೆ ಮುಗಿದು ಕಾರ್ಖಾನೆ, ಅಂಗಡಿ, ಹಡಗುಕಟ್ಟೆಯ ಕೆಲಸಕ್ಕೆ ಸೇರಿದ ಹುಡುಗನ ಜೇಬಿನಲ್ಲಿ ನಾಲ್ಕು ಕಾಸು, ಸಂಜೆಗೆ ಬಿಡುವು. ಭಾನುವಾರದ ಬೈಬಲ್ ಶಾಲೆಗೆ ಹೋಗಲು ಅವನಿಗೆ ನಾಚಿಕೆ, ಅದು ಚಿಕ್ಕ ಮಕ್ಕಳ ಜಾಗ. ವೈಎಂಸಿಎ ಎಂಬ ಕ್ರೈಸ್ತ ಸಂಘಕ್ಕೆ ಹೋಗೋಣವೆಂದರೆ ಅದು ಯುವಕರದ್ದು, ಅವನಿಗೆ ಇನ್ನೂ ಹದಿನೇಳಾಗಿಲ್ಲ.

ಈ ಹನ್ನೆರಡರಿಂದ ಹದಿನೇಳರ ನಡುವಿನ ಕಂದರಕ್ಕೆ ಸೇತುವೆಯಾಗಿ ಸ್ಮಿತ್ ಬ್ರಿಗೇಡ್ ಕಟ್ಟಿದರು. ಗ್ಲಾಸ್ಗೋದಂಥ ಊರಲ್ಲಿ ಅದು ಹುಟ್ಟಿದ್ದರಲ್ಲಿ ಅಚ್ಚರಿಯಿಲ್ಲ: ಹಡಗು ಕಟ್ಟುವ, ಎಂಜಿನ್ ಮಾಡುವ ಆ ಊರಿನ ಬೀದಿಗಳಲ್ಲಿ ಇಂಥ ಹುಡುಗರು ಕಿಕ್ಕಿರಿದಿದ್ದರು.

ವೈಎಂಸಿಎ ಕೂಡ ಇದೇ ಸಾಲಿಗೆ ಸೇರುತ್ತಾ?

ಅಣ್ಣನ ಸಾಲಿಗೆ ಸೇರುತ್ತದೆ. 1844ರ ಜೂನ್ 6ರಂದು ಲಂಡನ್ನಿನಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಜವಳಿ ಅಂಗಡಿಯ ನೌಕರ ಗೆಳೆಯರ ಜೊತೆ ಸೇರಿ ಅದನ್ನು ಆರಂಭಿಸಿದರು. ಇಲ್ಲೂ ಜವಳಿಯವರೇ, ನೋಡಿ. ಅಂಗಡಿಯಲ್ಲೇ ದುಡಿದು ಅಂಗಡಿಯ ಮೇಲಿನ ಕೋಣೆಯಲ್ಲೇ ಮಲಗುವ ಯುವಕರಿಗೆ ಹೆಂಡದಂಗಡಿ ಬಿಟ್ಟು ಬೇರೊಂದು ತಾಣ ಬೇಕಿತ್ತು. ಆಟದ ಮೂಲಕ ನಡತೆ ತಿದ್ದಬಹುದೆಂಬ ನಂಬಿಕೆ ಅಮೆರಿಕದ ವೈಎಂಸಿಎಗಳಲ್ಲಿ ಬಲವಾಗಿ ಬೇರೂರಿತು. 1891ರಲ್ಲಿ ಬ್ಯಾಸ್ಕೆಟ್‌ಬಾಲ್, 1895ರಲ್ಲಿ ವಾಲಿಬಾಲ್ ಹುಟ್ಟಿದ್ದು ಅಲ್ಲೇ. ನಮ್ಮ ಹಳ್ಳಿಗಳಲ್ಲಿ ಎರಡು ಅಡಕೆ ಮರಕ್ಕೆ ನೆಟ್ ಕಟ್ಟಿ ಸಂಜೆ ಆಡುವ ಆಟದ ಅಜ್ಜನ ಮನೆ ಅದು.

ಯೂನಿಫಾರ್ಮ್ ಖರ್ಚಿಗೆ ಬಡ ಹುಡುಗರು ಏನು ಮಾಡ್ತಿದ್ರು?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಸರ್ಕಾರಿ ಶಾಲೆಯ ಮೇಷ್ಟ್ರುಗಳು, ಯಾಕೆಂದು ಹೇಳಬೇಕಿಲ್ಲ. ಸ್ಮಿತ್ ಅವರ ಉತ್ತರ ಜಾಣತನದ್ದು. ಪೂರ್ತಿ ಯೂನಿಫಾರ್ಮನ್ನು ಅವರು ಕೇಳಲೇ ಇಲ್ಲ. ಡಬ್ಬಿ ಮುಚ್ಚಳದಂಥ ಒಂದು ಚಿಕ್ಕ ದುಂಡು ಟೋಪಿ, ಸೊಂಟಕ್ಕೆ ಬೆಲ್ಟು, ಹೆಗಲಿಗೆ ಅಡ್ಡವಾಗಿ ಬಿಳಿ ಚೀಲ. ಇಷ್ಟನ್ನು ಮನೆಯ ಬಟ್ಟೆಯ ಮೇಲೆಯೇ ತೊಟ್ಟರಾಯಿತು. ಒಳಗಿನ ಕೋಟು ಹರಿದಿದ್ದರೂ ಸಾಲಿನಲ್ಲಿ ನಿಂತಾಗ ಕಣ್ಣಿಗೆ ಬೀಳುವುದು ಮೂರು ವಸ್ತುಗಳೇ. ಬಟ್ಟೆ ವ್ಯಾಪಾರಿಯ ಲೆಕ್ಕ ಎಂದರೆ ಇದು.

ನಾನು ಸ್ಕೌಟ್ ಸೇರಿದಾಗ ನನಗಿದ್ದದ್ದು ಅಣ್ಣನ ಖಾಕಿ ಅಂಗಿ, ತೋಳು ಎರಡು ಸುತ್ತು ಮಡಚಿದ್ದು. ಸ್ಕಾರ್ಫ್ ಮಾತ್ರ ಹೊಸದು. ಕನ್ನಡಿಯಲ್ಲಿ ನನಗೆ ಕಂಡದ್ದು ಸ್ಕಾರ್ಫೇ.

## ಇನ್ನಷ್ಟು ಒಳಕ್ಕೆ

ದೇವರ ಪಾಠ ಹೇಳೋ ಸಂಸ್ಥೆ ಮಕ್ಕಳ ಕೈಗೆ ಬಂದೂಕು ಕೊಟ್ಟಿದ್ದು ನಿಜವಾ?

ಗುಂಡು ಹಾರಿಸಲಾಗದ ಅಣಕು ಬಂದೂಕು ಕೊಟ್ಟದ್ದು ನಿಜ. ಕವಾಯತಿಗೆ ಅವು ಬೇಕೆಂದು ಸ್ಮಿತ್ ವಾದ. ಅದಕ್ಕೆ ಆಗಲೇ ಸಾಕಷ್ಟು ಪ್ರತಿರೋಧ ಬಂತು. ಯುದ್ಧವನ್ನು ಒಪ್ಪದ ಕ್ರೈಸ್ತರು 1899ರಲ್ಲಿ ಬಾಯ್ಸ್ ಲೈಫ್ ಬ್ರಿಗೇಡ್ ಎಂಬ ಬೇರೆ ಸಂಸ್ಥೆಯನ್ನೇ ಕಟ್ಟಿದರು. ಅಲ್ಲೂ ಅದೇ ಸಾಲು, ಅದೇ ಶಿಸ್ತು, ಆದರೆ ಕೈಯಲ್ಲಿ ಬಂದೂಕಿಲ್ಲ: ಸ್ಟ್ರೆಚರ್ ಹೊರುವುದು, ಬ್ಯಾಂಡೇಜ್ ಕಟ್ಟುವುದು, ಮುಳುಗುವವರನ್ನೂ ಬೆಂಕಿಗೆ ಸಿಕ್ಕವರನ್ನೂ ಉಳಿಸುವುದು. ಕೊಲ್ಲುವುದನ್ನು ಕಲಿಸುವ ಕವಾಯತನ್ನು ಕಾಪಾಡುವ ಕವಾಯತಾಗಿ ತಿರುಗಿಸಿದ ಈ ಉಪಾಯ ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ತಿರುವು. ಇಂದು ನಮ್ಮ ಸ್ಕೌಟುಗಳು ಕಲಿಯುವ ಪ್ರಥಮ ಚಿಕಿತ್ಸೆಗೂ ಇದೇ ಬಗೆಯ ಯೋಚನೆ ಬೇರು.

ಇನ್ನೊಂದು ಮುಖವೂ ಇದೆ. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಯುದ್ಧ ಇಲಾಖೆ ಇಂಥ ದಳಗಳನ್ನೆಲ್ಲ ತನ್ನ ಕೆಡೆಟ್ ಪಡೆಗೆ ಸೇರಿಸಿಕೊಳ್ಳಲು ಹೊರಟಾಗ, ಆಂಗ್ಲಿಕನ್ ಚರ್ಚಿನವರ ಚರ್ಚ್ ಲ್ಯಾಡ್ಸ್ ಬ್ರಿಗೇಡ್ ಒಪ್ಪಿತು, ಸ್ಮಿತ್ ಅವರ ಬಾಯ್ಸ್ ಬ್ರಿಗೇಡ್ ಒಪ್ಪಲಿಲ್ಲ. ಬಂದೂಕು ಹಿಡಿಸಿದವರೇ ಸೈನ್ಯವನ್ನು ಬಾಗಿಲ ಹೊರಗೆ ನಿಲ್ಲಿಸಿದರು. 1920ರ ದಶಕದಲ್ಲಿ ಬಂದೂಕುಗಳೂ ಹೋದವು. 1926ರಲ್ಲಿ ಎರಡು ಬ್ರಿಗೇಡುಗಳು ಒಂದಾದವು.

ಚರ್ಚಿನವರದ್ದು ಅಂದ ಮೇಲೆ ಬೇರೆಯವರ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು?

ಅವರವರೇ ಕಟ್ಟಿಕೊಂಡರು. ಆಂಗ್ಲಿಕನ್ನರದು 1891ರ ಚರ್ಚ್ ಲ್ಯಾಡ್ಸ್ ಬ್ರಿಗೇಡ್. ಕ್ಯಾಥೊಲಿಕರದು 1896ರಲ್ಲಿ. ಇವೆರಡರ ನಡುವೆ, 1895ರಲ್ಲಿ, ಕರ್ನಲ್ ಆಲ್ಬರ್ಟ್ ಗೋಲ್ಡ್‌ಸ್ಮಿಡ್ ಲಂಡನ್ನಿನಲ್ಲಿ ಜ್ಯೂಯಿಷ್ ಲ್ಯಾಡ್ಸ್ ಬ್ರಿಗೇಡ್ ಆರಂಭಿಸಿದರು. ಅದರ ಹಿನ್ನೆಲೆ ಗಮನಿಸಬೇಕಾದ್ದು. ಪೂರ್ವ ಯುರೋಪಿನಿಂದ ಹಿಂಸೆ, ಬಡತನ ತಾಳಲಾರದೆ ಓಡಿಬಂದ ಯಹೂದಿ ಕುಟುಂಬಗಳು ಲಂಡನ್ನಿನ ಈಸ್ಟ್ ಎಂಡ್‌ನ ಇಕ್ಕಟ್ಟಿನ ಬೀದಿಗಳಲ್ಲಿ ತುಂಬಿದ್ದವು. ಮೊದಲೇ ಬಂದು ನೆಲೆಯೂರಿದ್ದ ಯಹೂದಿಗಳಿಗೆ ಈ ಹೊಸಬರ ಮಕ್ಕಳು ಬೇಗ ಇಂಗ್ಲಿಷರಂತಾಗಲಿ ಎಂಬ ಆತುರ. ನಡತೆ ತಿದ್ದುವುದು ಎಂಬ ಮಾತಿನೊಳಗೆ ಹೀಗೆ 'ನಮ್ಮಂತೆ ಆಗು' ಎಂಬುದೂ ಅಡಗಿರುತ್ತದೆ.

ಬೇಡನ್ ಪೊವೆಲ್ ಎಲ್ಲಾನೂ ಸ್ಮಿತ್ ಹತ್ರ ಕದ್ದಿದ್ದು ಅಂತ ಒಬ್ರು ವಾದ ಮಾಡಿದ್ರು. ಹೌದಾ?

ಕದ್ದದ್ದಲ್ಲ. ಸ್ಮಿತ್ ಅವರೇ ಮಾಡು ಎಂದದ್ದು. ಮುಂದೆ ಸ್ಕೌಟ್ ಕಟ್ಟಿದ ರಾಬರ್ಟ್ ಬೇಡನ್ ಪೊವೆಲ್ ಆಗ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಿಂದ ಮನೆಮಾತಾಗಿದ್ದ ಸೇನಾಧಿಕಾರಿ, ಬಾಯ್ಸ್ ಬ್ರಿಗೇಡಿನ ಉಪಾಧ್ಯಕ್ಷರಲ್ಲಿ ಒಬ್ಬರು. 1904ರಲ್ಲಿ ಬ್ರಿಗೇಡಿನ ಇಪ್ಪತ್ತೊಂದನೇ ವರ್ಷದ ಕವಾಯತು ನೋಡಲು ಗ್ಲಾಸ್ಗೋಗೆ ಹೋದರು. ಸಾವಿರಾರು ಹುಡುಗರು ಒಂದೇ ಹೆಜ್ಜೆಯಲ್ಲಿ ನಡೆದದ್ದನ್ನು ಮೆಚ್ಚಿದರು. ಬ್ರಿಗೇಡಿನ ಸದಸ್ಯರು ಆಗ ಐವತ್ತು ಸಾವಿರ ದಾಟಿದ್ದರು. ಇನ್ನಷ್ಟು ಬಗೆಬಗೆಯ ಚಟುವಟಿಕೆ ಇದ್ದರೆ ಹತ್ತು ಪಟ್ಟು ಹುಡುಗರು ಬಂದಾರು ಎಂಬುದು ಬೇಡನ್ ಪೊವೆಲ್ ಅನಿಸಿಕೆ. ಹಾಗಾದರೆ ಸೈನಿಕರಿಗಾಗಿ ನೀವು ಬರೆದ ಬೇಹಿನ ಕೈಪಿಡಿಯನ್ನೇ ಹುಡುಗರಿಗೆ ಒಗ್ಗುವಂತೆ ಬರೆದುಕೊಡಿ ಎಂದರು ಸ್ಮಿತ್.

ಬೇಡನ್ ಪೊವೆಲ್ ಬದಲಿಸಿದ್ದು ಒಂದೇ ಒಂದನ್ನು, ಆದರೆ ಅದು ಬುಡದ್ದು. ಸ್ಮಿತ್ ಅವರದು ಸಾಲು: ಮುಂದೆ ದೊಡ್ಡವರೊಬ್ಬರು, ಅವರು ಕೂಗಿದಂತೆ ಎಲ್ಲ ಹುಡುಗರೂ. ಬೇಡನ್ ಪೊವೆಲ್ ಅವರದು ಗುಂಪು: ಐದಾರು ಹುಡುಗರಿಗೆ ಒಬ್ಬ ಹುಡುಗನೇ ನಾಯಕ. ನಾವು ಪೆಟ್ರೋಲ್, ಅಂದರೆ ಗಸ್ತಿನ ತುಕಡಿ, ಎನ್ನುವುದು ಇದನ್ನೇ. ಸಾಲಿನಲ್ಲಿ ನಿಂತವನಿಗೆ ತಪ್ಪು ಮಾಡಲು ಅವಕಾಶವಿಲ್ಲ, ಗುಂಪಿನ ನಾಯಕನಿಗೆ ದಿನಕ್ಕೆ ಹತ್ತು ತಪ್ಪು ಮಾಡುವ ಅವಕಾಶ. ಬ್ರಿಗೇಡ್ ಕಟ್ಟಿಟ್ಟ ಮನೆಯಲ್ಲಿ ಸ್ಕೌಟು ಹುಟ್ಟಿತು ನಿಜ, ಆದರೆ ಬಾಗಿಲು ತೆರೆದು ಬಯಲಿಗೆ ನಡೆದದ್ದು ಅದರದೇ ಕಾಲಿನಿಂದ.

ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿ ನಿಜವಾಗಿ ಏನು ನಡೀತು?

ಹುಡುಗರಿಗಾಗಿ ಬೇಡನ್ ಪೊವೆಲ್ ಬರೆಯುತ್ತಿದ್ದ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರಯೋಗ, ಅಷ್ಟೇ. 1907ರ ಆಗಸ್ಟ್ ಮೊದಲ ವಾರ, ಇಂಗ್ಲೆಂಡಿನ ದಕ್ಷಿಣದ ಪೂಲ್ ಬಂದರಿನೊಳಗಿನ ಚಿಕ್ಕ ದ್ವೀಪ. ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಹುಡುಗರು. ಕೆಲವರು ಈಟನ್, ಹ್ಯಾರೋದಂಥ ಶ್ರೀಮಂತರ ಶಾಲೆಯವರು, ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಬಾಯ್ಸ್ ಬ್ರಿಗೇಡಿನ ದುಡಿಮೆಗಾರರ ಮಕ್ಕಳು. ಶುಲ್ಕವೂ ಅದಕ್ಕೆ ತಕ್ಕಂತೆ: ಶ್ರೀಮಂತರ ಮಕ್ಕಳಿಗೆ ಒಂದು ಪೌಂಡ್, ಉಳಿದವರಿಗೆ ಮೂರೂವರೆ ಶಿಲಿಂಗ್. ಒಂದು ಪೌಂಡಿಗೆ ಇಪ್ಪತ್ತು ಶಿಲಿಂಗ್ ಎಂಬುದು ನೆನಪಿರಲಿ.

ಗೂಳಿ, ತೋಳ, ಕಾಗೆ ಜಾತಿಯ ರೇವನ್, ಕೊಕ್ಕು ಬಾಗಿದ ಕರ್ಲ್ಯೂ ಹಕ್ಕಿ, ಹೀಗೆ ನಾಲ್ಕು ಹೆಸರಿನ ನಾಲ್ಕು ಗುಂಪು. ಬೆಳಗಾದರೆ ಬೇಡನ್ ಪೊವೆಲ್ ಆಫ್ರಿಕದಿಂದ ತಂದಿದ್ದ ಕೂಡು ಜಿಂಕೆಯ ತಿರುಚು ಕೊಂಬನ್ನು ಊದುತ್ತಿದ್ದರು. ದಿನಕ್ಕೊಂದು ವಿಷಯ: ಶಿಬಿರ ಕೆಲಸ, ಗಮನಿಸುವುದು, ಹೆಜ್ಜೆ ಗುರುತು ಹಿಡಿಯುವುದು, ಜೀವ ಉಳಿಸುವುದು. ಮೊದಲು ಬೆಂಕಿಯ ಸುತ್ತ ಕಥೆ, ಆಮೇಲೆ ಮಾಡಿ ತೋರಿಸುವುದು, ಕೊನೆಗೆ ಅದೇ ಆಟ. ನಮ್ಮಲ್ಲಿ ಈಗ ಕ್ಯಾಂಪ್ ಫೈರ್ ಎಂದರೆ ಧ್ವನಿವರ್ಧಕ, ಮುಖ್ಯ ಅತಿಥಿ, ಹಾರ. ಅಲ್ಲಿ ಅದು ಪಾಠದ ಕೋಣೆಯಾಗಿತ್ತು.

ಒಂದು ಶಿಬಿರದಿಂದ ಅಷ್ಟು ಬೇಗ ಹೇಗೆ ಹಬ್ಬಿತು?

ಹಬ್ಬಿಸಿದ್ದು ಶಿಬಿರವಲ್ಲ, ಅಗ್ಗದ ಪುಸ್ತಕ. 1908ರ ಜನವರಿಯಿಂದ ಹದಿನೈದು ದಿನಕ್ಕೊಂದು ಭಾಗದಂತೆ ಆರು ಭಾಗ, ಒಂದೊಂದಕ್ಕೆ ನಾಲ್ಕು ಪೆನ್ನಿ. ಪ್ರಕಟಿಸಿದವರು ಪತ್ರಿಕೋದ್ಯಮಿ ಆರ್ಥರ್ ಪಿಯರ್‌ಸನ್. ಮುಂಚಿನಿಂದ ಇದ್ದ ಬ್ರಿಗೇಡು, ಕ್ಲಬ್ಬುಗಳು ಇದನ್ನು ಬಳಸಿಕೊಳ್ಳಲಿ ಎಂಬುದೇ ಬೇಡನ್ ಪೊವೆಲ್ ಎಣಿಕೆಯಾಗಿತ್ತು. ಆದದ್ದೇ ಬೇರೆ. ಹುಡುಗರು ಓದಿ, ತಾವೇ ನಾಲ್ಕೈದು ಮಂದಿ ಗುಂಪು ಕಟ್ಟಿಕೊಂಡು, ಕೋಲು ಹಿಡಿದು ಹೊಲಗಳಿಗೆ ಇಳಿದರು. ಆಮೇಲೆ ನಮಗೊಬ್ಬ ಮಾಸ್ತರರಾಗಿ ಎಂದು ದೊಡ್ಡವರನ್ನು ಹುಡುಕಿದರು. ಸಂಸ್ಥೆ ಹಿಂದಿನಿಂದ ಓಡಿ ಬಂತು.

1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಮಾವೇಶ ಕರೆದಾಗ ಹತ್ತು ಸಾವಿರಕ್ಕೂ ಹೆಚ್ಚು ಹುಡುಗರು ಸೇರಿದರು. ಕರೆಯದಿದ್ದರೂ ಟೋಪಿ ತೊಟ್ಟು ಹುಡುಗಿಯರೂ ಬಂದು ನಿಂತರು. ಅವರನ್ನು ಏನು ಮಾಡುವುದೆಂದು ತಿಳಿಯದೆ ಮರುವರ್ಷ ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್ ನೇತೃತ್ವದಲ್ಲಿ ಗೈಡ್ಸ್ ಆರಂಭಿಸಿದರು. ಹುಡುಗಿಯರ ಕಥೆ ಇನ್ನೊಂದು ಇಡೀ ಬರಹ ಬೇಡುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಮಫೆಕಿಂಗ್ ಮುತ್ತಿಗೆಯಲ್ಲಿ ಹುಡುಗರು ಸೈಕಲ್ ಮೇಲೆ ಸಂದೇಶ ಒಯ್ದ ಕಥೆ ನಿಜವೋ, ಕಟ್ಟಿದ್ದೋ?

ನಿಜ, ಆದರೆ ಅರ್ಧ ಹೇಳಿದ ನಿಜ. 1899ರ ಅಕ್ಟೋಬರಿನಿಂದ 1900ರ ಮೇವರೆಗೆ, 217 ದಿನ, ದಕ್ಷಿಣ ಆಫ್ರಿಕದ ಆ ಊರನ್ನು ಬೋಯರರು, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರು, ಮುತ್ತಿದ್ದರು. ದೊಡ್ಡವರು ಮೋರ್ಚೆಗೆ ಹೋದಾಗ ಊರೊಳಗಿನ ಓಡಾಟಕ್ಕೆ ಹುಡುಗರ ದಳ ಮಾಡಿದರು. ಹದಿಮೂರರ ವಾರ್ನರ್ ಗುಡ್‌ಇಯರ್ ಅದರ ನಾಯಕ. ಮೊದಲು ಕತ್ತೆಗಳ ಮೇಲೆ, ಆಮೇಲೆ ಸೈಕಲ್ ಮೇಲೆ. ಊರಿನಲ್ಲೇ ಅಚ್ಚಾದ ಒಂದು ಪೆನ್ನಿಯ ಅಂಚೆ ಚೀಟಿಯಲ್ಲಿ ಈ ಹುಡುಗ ಸೈಕಲ್ ಏರಿದ ಚಿತ್ರವಿದೆ. ಅಂಚೆಚೀಟಿ ಕೂಡಿಡುವವರಿಗೆ ಅದು ನಿಧಿ.

ದಳ ಕಟ್ಟಿದ ಕೆಲಸ ಮುಖ್ಯವಾಗಿ, ಊರು ಕಾಯುತ್ತಿದ್ದ ಸೇನೆಯ ಮುಖ್ಯಸ್ಥ ಬೇಡನ್ ಪೊವೆಲ್ ಅವರ ಕೈಕೆಳಗಿನ ಅಧಿಕಾರಿ ಲಾರ್ಡ್ ಎಡ್ವರ್ಡ್ ಸೆಸಿಲ್ ಅವರದು. ದಳದಲ್ಲಿದ್ದವರು ಬಿಳಿಯರ ಮಕ್ಕಳು ಮಾತ್ರ. ಅದೇ ಮುತ್ತಿಗೆಯಲ್ಲಿ ತಮ್ಮ ಭಾಗವನ್ನು ಕಾದು ಹೋರಾಡಿದ, ಹಸಿವಿನಿಂದ ಹೆಚ್ಚು ನರಳಿದ ಬರೊಲಾಂಗ್ ಎಂಬ ಸ್ಥಳೀಯ ಆಫ್ರಿಕನ್ ಜನ ಹುಡುಗರಿಗೆ ಹೇಳುವ ಸಾಹಸಕಥೆಯಲ್ಲಿ ಕಾಣುವುದೇ ಇಲ್ಲ. ತರಬೇತಿಯಲ್ಲಿ ಈ ಕಥೆ ಹೇಳುವಾಗ ನಾನು ಎರಡನ್ನೂ ಹೇಳುತ್ತೇನೆ. ಕೆಲವರಿಗೆ ಇಷ್ಟವಾಗುವುದಿಲ್ಲ.

ಅಮೆರಿಕದಲ್ಲಿ ಇದಕ್ಕೂ ಮೊದಲೇ ಇತ್ತಂತಲ್ಲ?

ಇತ್ತು, ಅದೂ ಬೇಲಿ ಜಗಳದಿಂದ ಹುಟ್ಟಿದ್ದು. ಅರ್ನೆಸ್ಟ್ ಥಾಂಪ್ಸನ್ ಸೀಟನ್ ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ, ಪ್ರಾಣಿಗಳ ಚಿತ್ರ ಬರೆಯುವ, ಕಥೆ ಬರೆಯುವ ಮನುಷ್ಯ. ಕನೆಕ್ಟಿಕಟ್‌ನ ಕಾಸ್ ಕಾಬ್ ಎಂಬಲ್ಲಿ ದೊಡ್ಡ ಜಮೀನು ಕೊಂಡು ಬೇಲಿ ಹಾಕಿದರು. ಅಲ್ಲಿಯವರೆಗೆ ಆ ಕಾಡಲ್ಲಿ ಅಲೆಯುತ್ತಿದ್ದ ಊರ ಹುಡುಗರಿಗೆ ಕೋಪ. ಬೇಲಿ ಮುರಿದರು, ಗೇಟಿನ ಮೇಲೆ ಗೀಚಿದರು. ಸೀಟನ್ ಪೊಲೀಸರ ಹತ್ತಿರ ಹೋಗುವ ಬದಲು ಶಾಲೆಗೆ ಹೋಗಿ ಆ ಹುಡುಗರನ್ನೇ ಈಸ್ಟರ್ ರಜೆಗೆ ತಮ್ಮ ಜಮೀನಿನಲ್ಲಿ ಬಿಡಾರ ಹೂಡಲು ಕರೆದರು. 1902ರ ಮಾತು. ಅಲ್ಲಿ ಬೆಂಕಿ ಹಾಕಿ, ಕಥೆ ಹೇಳಿ, ನಿಮ್ಮ ನಾಯಕನನ್ನು ನೀವೇ ಆರಿಸಿಕೊಳ್ಳಿ ಎಂದರು. ವುಡ್‌ಕ್ರಾಫ್ಟ್ ಇಂಡಿಯನ್ಸ್ ಹುಟ್ಟಿದ್ದು ಹೀಗೆ. ಅಮೆರಿಕದ ಮೂಲನಿವಾಸಿಗಳ ಬಾಳನ್ನು ಅವರು ಬಹಳ ಗೌರವಿಸುತ್ತಿದ್ದರು. ಹಾಗೆಂದು ಬಿಳಿಯ ಹುಡುಗರು ಗರಿ ಸಿಕ್ಕಿಸಿಕೊಂಡು ಆಡುವ ಆಟವಾಗಿ ಅದನ್ನು ಬಳಸಿದ್ದೂ ಹೌದು.

1906ರಲ್ಲಿ ಸೀಟನ್ ತಮ್ಮ ಕೈಪಿಡಿಯನ್ನು ಬೇಡನ್ ಪೊವೆಲ್‌ಗೆ ಕಳುಹಿಸಿದರು, ಲಂಡನ್ನಿನಲ್ಲಿ ಭೇಟಿಯೂ ಆಯಿತು. ತಮ್ಮ ಆಟಗಳನ್ನೂ ಪದ್ಧತಿಗಳನ್ನೂ ಎತ್ತಿಕೊಂಡು ಸರಿಯಾಗಿ ಹೆಸರು ಹೇಳಲಿಲ್ಲ ಎಂಬ ಕೊರಗು ಸೀಟನ್ ಅವರಿಗೆ ಕೊನೆಯವರೆಗೂ ಉಳಿಯಿತು. 'ಕದ್ದರು' ಎಂಬ ವಾದ ಮಾಡಲೇಬೇಕಿದ್ದರೆ ಸ್ಮಿತ್ ಪರವಾಗಿ ಮಾಡುವುದಕ್ಕಿಂತ ಸೀಟನ್ ಪರವಾಗಿ ಮಾಡುವುದು ವಾಸಿ. 1910ರಲ್ಲಿ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಆರಂಭವಾದಾಗ ಸೀಟನ್ ಅದರ ಮೊದಲ ಚೀಫ್ ಸ್ಕೌಟ್ ಆದರು. ಸೈನ್ಯದ ವಾಸನೆ ಹೆಚ್ಚಾಯಿತೆಂದು ಜಗಳ ಬೆಳೆದು ಐದು ವರ್ಷದಲ್ಲಿ ಹೊರಬಂದರು.

ಸ್ಕೌಟುಗಳು ಎಡಗೈ ಕುಲುಕೋದು ಯಾಕೆ? ನಮ್ಮಲ್ಲಿ ಎಡಗೈ ಕೊಟ್ರೆ ಅಜ್ಜಿ ಬೈತಾರೆ!

ನನ್ನ ಅಜ್ಜಿಯೂ ಬೈದಿದ್ದರು. ಎಡಗೈ ಎದೆಗೆ ಹತ್ತಿರ ಎಂಬುದು ಒಂದು ವಿವರಣೆ. ಪಶ್ಚಿಮ ಆಫ್ರಿಕದ ಅಶಾಂಟಿ ಯೋಧರು ನಂಬಿಕೆಯ ಗುರುತಾಗಿ ಗುರಾಣಿ ಹಿಡಿದ ಎಡಗೈಯನ್ನೇ ಮುಂದೆ ಚಾಚುತ್ತಿದ್ದರು, ಅದನ್ನು ಕಂಡು ತಂದರು ಎಂಬುದು ಇನ್ನೊಂದು. ಎರಡನೆಯದನ್ನು ಕಥೆಯೆಂದು ಹೇಳಿ, ಇತಿಹಾಸವೆಂದು ಬೇಡ.

## ನಮ್ಮ ಕಡೆಯ ಪ್ರಶ್ನೆಗಳು

ಭಾರತದ ಮೊದಲ ಸ್ಕೌಟ್ ದಳ ಬೆಂಗಳೂರಿನದ್ದು ಅಂತ ಹೆಮ್ಮೆ ಪಡಬಹುದಾ?

1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ದಳ ಕಟ್ಟಿದರು. ಮೊದಲನೆಯದು ಎಂಬ ಹೆಸರು ಅದಕ್ಕೇ. ಹೆಮ್ಮೆ ಪಡುವ ಮುಂಚೆ ಆಗ ಬೆಂಗಳೂರು ಎಂದರೆ ಎರಡು ಊರು ಎಂಬುದನ್ನು ನೆನೆಯಬೇಕು: ಒಂದು ಕಡೆ ಬ್ರಿಟಿಷರ ದಂಡು, ಇನ್ನೊಂದು ಕಡೆ ಪೇಟೆ. ದಳ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಾಗಿ ಇತ್ತು. ಪೇಟೆಯ ಹುಡುಗನಿಗೆ ಅಲ್ಲಿ ಜಾಗವಿರಲಿಲ್ಲ. ಎಲ್ಲರೂ ನಿನ್ನ ಸಹೋದರರು ಎನ್ನುವ ಸ್ಕೌಟ್ ನಿಯಮ ಇದ್ದೂ ಭಾರತೀಯ ಹುಡುಗರನ್ನು ವರ್ಷಗಟ್ಟಲೆ ಹೊರಗಿಟ್ಟರು. ತರಬೇತಿ ಪಡೆದ ಭಾರತೀಯ ಹುಡುಗರು ಮುಂದೆ ತಿರುಗಿ ಬಿದ್ದಾರು ಎಂಬ ಭಯ ಆಳುವವರದ್ದು.

ಹಾಗಾದ್ರೆ ನಮ್ಮ ಮಕ್ಕಳಿಗೆ ಬಾಗಿಲು ತೆರೆದವರು ಯಾರು?

ಹೊರಗಿಟ್ಟವರು ತೆರೆಯಲಿಲ್ಲ, ಹೊರಗಿದ್ದವರು ಬೇರೆ ಮನೆ ಕಟ್ಟಿದರು. 1917ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಆರಂಭಿಸಿದರು. ಆ ಹುಡುಗರಿಗೆ ಅಗಲ ಅಂಚಿನ ಟೋಪಿಯ ಬದಲು ಪೇಟ. ಹೋಂ ರೂಲ್ ಚಳವಳಿಗಾಗಿ ಸರ್ಕಾರ ಈ ಇಬ್ಬರನ್ನೂ ಅದೇ ವರ್ಷ ಊಟಿಯಲ್ಲಿ ನಿರ್ಬಂಧದಲ್ಲಿಟ್ಟಿತ್ತು ಎಂದರೆ ಸ್ಕೌಟಿಂಗ್ ಯಾವ ಗಾಳಿಯಲ್ಲಿ ಬೆಳೆಯಿತೆಂದು ತಿಳಿಯುತ್ತದೆ. ಉತ್ತರದಲ್ಲಿ 1918ರಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಅಸೋಸಿಯೇಷನ್ ಕಟ್ಟಿದರು.

1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದರು. ಬೆಸೆಂಟ್ ಅವರ ಸಂಘ ಅವರೊಡನೆ ಕೂಡಿತು, ಸೇವಾ ಸಮಿತಿ ಕೂಡಲಿಲ್ಲ. ಚಕ್ರವರ್ತಿಗೆ ನಿಷ್ಠೆಯ ಪ್ರತಿಜ್ಞೆ ಅವರ ಗಂಟಲಲ್ಲಿ ಇಳಿಯಲಿಲ್ಲ. 1937ರ ಭೇಟಿಯ ನಂತರ ಭಾರತೀಯರ ನಡತೆಯನ್ನೇ ಹೀಗಳೆದ ಬೇಡನ್ ಪೊವೆಲ್ ಅವರ ಮಾತುಗಳು ಹೊರಬಿದ್ದು ದೇಶದಲ್ಲಿ ಸಿಟ್ಟೆದ್ದಿತು. 1938ರಲ್ಲಿ ಹಿಂದೂಸ್ಥಾನ್ ಸ್ಕೌಟ್ ಅಸೋಸಿಯೇಷನ್ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಕವಲುಗಳೆಲ್ಲ ಸೇರಿ ಭಾರತ್ ಸ್ಕೌಟ್ಸ್ ಆಯಿತು. ಮುಂದಿನ ವರ್ಷ ಗೈಡ್ಸ್ ಸೇರಿತು. ನಾವು ಪ್ರತಿವರ್ಷ ಧ್ವಜದ ಚೀಟಿ ಮಾರುವ ನವೆಂಬರ್ 7ರ ಹಿಂದೆ ಇಷ್ಟು ಒಡಕು, ಇಷ್ಟು ಬೆಸುಗೆ ಇದೆ.

ಹುಬ್ಬಳ್ಳಿಯ ಹರ್ಡೀಕರರ ಸೇವಾದಳಕ್ಕೂ ಇದಕ್ಕೂ ನಂಟಿದೆಯಾ?

ನೇರ ನಂಟಿಲ್ಲ, ಆದರೆ ಒಂದೇ ಸಂತೆಯ ಸರಕು. ಡಾ. ನಾ. ಸು. ಹರ್ಡೀಕರ್ ಧಾರವಾಡದವರು, ಅಮೆರಿಕದಲ್ಲಿ ಓದಿ ಲಾಲಾ ಲಜಪತ ರಾಯರ ಜೊತೆ ದುಡಿದು 1921ರಲ್ಲಿ ಮರಳಿದರು. ಹುಬ್ಬಳ್ಳಿ ಸೇವಾ ಮಂಡಲದ ತರುಣರು 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ, ಕ್ಷಮೆ ಬರೆದುಕೊಡದೆ ಉಳಿದದ್ದು ಕಾಂಗ್ರೆಸ್ ನಾಯಕರ ಕಣ್ಣಿಗೆ ಬಿತ್ತು. ಆ ವರ್ಷದ ಕೊನೆಯ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ಥಾನಿ ಸೇವಾದಳ ಹುಟ್ಟಿತು. ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಮುನ್ನಡೆಸಿದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರಾಗಿ ದುಡಿದದ್ದು ಇವರೇ.

ಅಲ್ಲಿ ಸೇರಿದವರು ಹುಡುಗರಿಗಿಂತ ತರುಣರು, ಹಾಗಾಗಿ ಹುಡುಗರ ದಳ ಎನ್ನಲಾಗದು. ಆದರೆ ಕವಾಯತು, ಶಿಬಿರ, ಶಿಸ್ತು ಬ್ರಿಟಿಷರ ಸ್ವತ್ತಲ್ಲ, ಖಾದಿ ತೊಟ್ಟೂ ಮಾಡಬಹುದು ಎಂಬುದನ್ನು ತೋರಿಸಿದ್ದು ನಮ್ಮ ಹುಬ್ಬಳ್ಳಿ.

## ವಾದಕ್ಕೆ ಬರುವ ಪ್ರಶ್ನೆಗಳು

ಒಟ್ಟಿನಲ್ಲಿ ಇದು ಸಾಮ್ರಾಜ್ಯಕ್ಕೆ ಸಿಪಾಯಿ ತಯಾರಿಸುವ ಕಾರ್ಖಾನೆ ಅಲ್ಲವೆ?

ಆ ಆಸೆ ಇತ್ತು. ಬೋಯರ್ ಯುದ್ಧಕ್ಕೆ ಸೇರಲು ಬಂದ ನಗರದ ಬಡ ಯುವಕರಲ್ಲಿ ಎಷ್ಟೋ ಮಂದಿ ದೇಹದಾರ್ಢ್ಯದಲ್ಲೇ ಸೋತು ಹಿಂದಿರುಗಿದಾಗ ಬ್ರಿಟನ್ ಬೆಚ್ಚಿತು. ದೇಹ ಕ್ಷೀಣಿಸುತ್ತಿದೆಯೇ ಎಂದು ನೋಡಲು ಸರ್ಕಾರ ಸಮಿತಿ ನೇಮಿಸಿ 1904ರಲ್ಲಿ ವರದಿ ಪಡೆಯಿತು. ಸ್ಕೌಟು ಹುಟ್ಟಿದ್ದು ಆ ಆತಂಕದ ಬೆನ್ನಿಗೆ. ಆರಂಭದ ಪಾಠಗಳಲ್ಲಿ ಸಾಮ್ರಾಜ್ಯದ ಹಾಡು ಸಾಕಷ್ಟಿದೆ.

ಆದರೆ ಅಷ್ಟಕ್ಕೇ ಮುಗಿಸಿದರೆ ಹುಡುಗರನ್ನು ಮಣ್ಣಿನ ಮುದ್ದೆ ಎಂದುಕೊಂಡಂತೆ. ನಾಲ್ಕು ಪೆನ್ನಿ ಕೊಟ್ಟವನಿಗೆ ಬೇಕಿದ್ದದ್ದು ಸಾಮ್ರಾಜ್ಯವಲ್ಲ, ಬಯಲು, ಬೆಂಕಿ, ಗೆಳೆಯರು. ಸಿಪಾಯಿತನ ಹೆಚ್ಚಾಯಿತೆಂದು ಒಳಗಿನವರೇ ಎಷ್ಟೋ ಸಲ ಹೊರನಡೆದರು: 1909ರಲ್ಲೇ ಒಂದು ಕವಲು ಒಡೆಯಿತು, ಮಹಾಯುದ್ಧದ ನಂತರ ಶಾಂತಿವಾದಿಗಳೂ ಸಮಾಜವಾದಿಗಳೂ ತಮ್ಮವೇ ದಳ ಕಟ್ಟಿದರು, 1925ರ ವುಡ್‌ಕ್ರಾಫ್ಟ್ ಫೋಕ್ ಅವುಗಳಲ್ಲಿ ಒಂದು. ಒಂದೇ ಶಿಬಿರ, ಒಂದೇ ಗಂಟು, ಒಂದೇ ಬೆಂಕಿ. ಅದರ ಸುತ್ತ ಕೂತು ಏನು ಹೇಳುತ್ತೀರಿ ಎಂಬುದು ಹೇಳುವವರ ಮೇಲೆ.

ಚಾರಿತ್ರ್ಯ ಅಂದ್ರೆ ಅವರ ಲೆಕ್ಕದಲ್ಲಿ ಏನು?

ಹೇಳುವವರ ಜೊತೆ ಅರ್ಥವೂ ಬದಲಾಯಿತು. ಬಾಯ್ಸ್ ಬ್ರಿಗೇಡಿನ ಧ್ಯೇಯದಲ್ಲಿ ಮೊದಲು ಇದ್ದ ಗುಣಗಳು ಭಕ್ತಿ, ಶಿಸ್ತು, ಆತ್ಮಗೌರವ. ವಿಧೇಯತೆ ಎಂಬ ಪದ ಹತ್ತು ವರ್ಷ ತಡವಾಗಿ, 1893ರಲ್ಲಿ ಬಂದು ಸೇರಿತು. ಹತ್ತು ವರ್ಷ ಹುಡುಗರನ್ನು ಸಂಭಾಳಿಸಿದ ಮೇಲೆ ಅದರ ಅಗತ್ಯ ಕಂಡಿತೇನೋ ಎಂದು ನಾನು ತಮಾಷೆ ಮಾಡುವುದುಂಟು. ಸ್ಕೌಟಿನಲ್ಲಿ ಒತ್ತು ಬಿದ್ದದ್ದು ನಂಬಿಕೆಗೆ ಅರ್ಹನಾಗುವುದು, ದಿನಕ್ಕೊಂದು ಉಪಕಾರ, ತಾನೇ ನೋಡಿ ತಾನೇ ನಿರ್ಧರಿಸುವುದರ ಮೇಲೆ. ನಿಯಮಗಳು ಶುರುವಿನಲ್ಲಿ ಒಂಬತ್ತೇ ಇದ್ದವು. ಮನಸ್ಸು, ಮಾತು, ಕೆಲಸಗಳಲ್ಲಿ ಶುದ್ಧವಾಗಿರು ಎಂಬ ಹತ್ತನೆಯದು ಆಮೇಲೆ ಬಂದದ್ದು.

ಹಳೇ ಕಥೆ ಎಲ್ಲಾ ಸರಿ, ನಮ್ಮ ಶಾಲೆ ಟ್ರೂಪಿಗೆ ಇದರಿಂದ ಏನು ಪ್ರಯೋಜನ?

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಟ್ರೂಪಿನಲ್ಲಿ ಪೆಟ್ರೋಲ್ ಲೀಡರ್ ಎಂಬ ಪಟ್ಟಿ ಹಚ್ಚಿಕೊಂಡ ಹುಡುಗ ಕಳೆದ ತಿಂಗಳಲ್ಲಿ ನಿಮ್ಮನ್ನು ಕೇಳದೆ ಏನನ್ನಾದರೂ ನಿರ್ಧರಿಸಿದನೆ? ಇಲ್ಲವೆಂದಾದರೆ ಹೆಸರು ಸ್ಕೌಟಿನದಾದರೂ ನಡೆಯುತ್ತಿರುವುದು 1883ರ ಸಾಲು. ನಮ್ಮ ಬಹುಪಾಲು ಶಾಲೆಗಳಲ್ಲಿ, ಆಗಸ್ಟ್ 15 ಮತ್ತು ಜನವರಿ 26ರ ಪಥಸಂಚಲನಕ್ಕೆ ಮಾತ್ರ ಹೊರಬರುವ ಯೂನಿಫಾರ್ಮಿನಲ್ಲಿ, ನಾನು ನೋಡುವುದು ಅದನ್ನೇ.

ಒಮ್ಮೆ ಒಂದು ಶಿಬಿರದಲ್ಲಿ ಪ್ರತಿ ಗುಂಪಿಗೂ ಅಕ್ಕಿ, ಬೇಳೆ, ತರಕಾರಿ ಅಳೆದು ಕೊಟ್ಟು, ಅಡುಗೆ ನಿಮ್ಮದೇ ಎಂದು ಹೇಳಿ ದೂರ ಕೂತಿದ್ದೆ. ಏಳನೇ ಕ್ಲಾಸಿನ ಒಬ್ಬ ಲೀಡರು ಸಾರಿಗೆ ಉಪ್ಪನ್ನು ಎರಡು ಸಲ ಹಾಕಿಸಿದ. ಜೊತೆಗೆ ಬಂದಿದ್ದ ಮೇಷ್ಟ್ರು ಎದ್ದು ಹೊರಟರು, ಕೈ ಹಿಡಿದು ಕೂರಿಸಿದೆ. ಹುಡುಗರು ಪಾತ್ರೆಯ ಸುತ್ತ ನಿಂತು ಜಗಳವಾಡಿದರು, ಒಬ್ಬ ಎರಡು ಆಲೂಗಡ್ಡೆ ಹೆಚ್ಚಿ ಹಾಕಿದ, ಇನ್ನೊಬ್ಬ ಪಕ್ಕದ ಗುಂಪಿನಿಂದ ಒಂದು ಚೊಂಬು ಬೇಳೆಕಟ್ಟು ಕಡ ತಂದ. ನಮಗೆ ಊಟ ಸಿಕ್ಕಿದ್ದು ಮೂರು ಗಂಟೆಗೆ. ಸಾರು ಆಗಲೂ ಉಪ್ಪುಪ್ಪೇ. ಆ ಲೀಡರು ಮಾತ್ರ ಎಲ್ಲರಿಗೂ ಬಡಿಸಿ ಕೊನೆಗೆ ಕೂತ. ಕೊನೆಗೆ ಕೂರು ಎಂದು ಅವನಿಗೆ ನಾನಾಗಲಿ ಆ ಮೇಷ್ಟ್ರಾಗಲಿ ಹೇಳಿರಲಿಲ್ಲ.